ಬಂಗಲೆ ಎಂದೆ

ಏಲಕ್ಕಿ ಬನ್ನಿನ ವಾಸನೆ ಬಂದರೆ ಈಗಲೂ ಮಸ್ಕತ್ತಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅಪ್ಪನ ಸಾಹೇಬರು ಸ್ವೀಡನ್ನಿನವರು. ಅವರ ಹೆಂಡತಿ ನನಗೂ ಅಮ್ಮನಿಗೂ ಬನ್ನು ಕೊಟ್ಟು, ಆಲ್ಬಮ್ ತೆರೆದು, ಸರೋವರದ ದಂಡೆಯಲ್ಲಿದ್ದ ತಮ್ಮ ಪುಟ್ಟ ಕೆಂಪು ಮರದ ಮನೆ ತೋರಿಸಿದರು. ಬೇಸಿಗೆಯೆಲ್ಲ ಅಲ್ಲೇ, ಕರೆಂಟಿಲ್ಲ, ಕಕ್ಕಸು ಹೊರಗೆ ಎಂದು ಹೆಮ್ಮೆಯಿಂದ ಹೇಳಿದರು. ಇಂಗ್ಲಿಷ್ ಬಾರದ ಅಮ್ಮನಿಗೆ ನಾನೇ ಅದನ್ನು ತಿಳಿಸಿದೆ.

ಅಮ್ಮನ ಮುಖ ಅರಳಿತು. "ನಮ್ಮದೂ ಹೊಳೆ ಬದಿಯಲ್ಲಿ ಹಾಗೇ ಉಂಟು, ಕಕ್ಕಸೂ ಹೊರಗೇ. ರಜೆಯಲ್ಲಿ ಬರಲಿಕ್ಕೆ ಹೇಳು ಮಗಾ."

"ಊರಲ್ಲಿ ನಮ್ಮದು ದೊಡ್ಡ ಬಂಗಲೆ," ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸುಮ್ಮನೆ ನಕ್ಕು ಆಲ್ಬಮ್ ಮುಚ್ಚಿದರು.

"ಬರ್ತಾರಂತಾ?" ಅಮ್ಮ ಕೇಳಿದಳು.

"ಹೂಂ," ಎಂದೆ.

ಆ ರಜೆಯಲ್ಲಿ ಊರಿಗೆ ಹೋದಾಗ ಅಮ್ಮ ಎರಡು ದಿನ ಗೋಡೆಗಳಿಗೆ ಸುಣ್ಣ ಬಳಿದಳು. ನಾನು ಬಾಲ್ದಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ.