ಬೀಗರ ಕೈಯ ತುಂಡು

ಎರಡೂ ಕಡೆಯವರು ಕ್ರೈಸ್ತರೇ, ಸಭೆ ಮಾತ್ರ ಬೇರೆ. ಶನಿವಾರ ಗಂಡಿನ ಕಡೆಯವರಿಗೆ ಸಬ್ಬತ್ ಆರಾಧನೆ, ಭಾನುವಾರ ಹೆಣ್ಣಿನ ಕಡೆಯವರಿಗೆ ಪೂಜೆ. ಹಾಗಾಗಿ ಸಂಬಂಧದ ಮಾತಿಗೆ ಹುಡುಗನ ತಂದೆ ಎಫ್ರಾಯಿಮ್ ಮಾಸ್ತರರು ಶುಕ್ರವಾರವೇ ಬಂದರು. ಬಂದವರೇ ಮೂಗು ಮುಚ್ಚಿಕೊಂಡರು. ಹುಡುಗಿಯ ತಾಯಿ ಕಾರ್ಮಿನ್ ಬಾಯಿಯ ಅಡುಗೆಮನೆಯಲ್ಲಿ ಭಾನುವಾರದ ಊಟಕ್ಕೆ ಹಂದಿಮಾಂಸ ಕುದಿಯುತ್ತಿತ್ತು. ಎರಡು ದಿನ ಹಳತಾಗದೆ ಅದಕ್ಕೆಲ್ಲಿ ರುಚಿ?

"ಎಲ್ಲ ಒಪ್ಪಿಗೆ ಬಾಯಮ್ಮ. ಆದರೆ ನಿಮ್ಮ ಮಗಳು ಹಂದಿ ಬಿಡಬೇಕು. ಮೋಶೆಯ ಕಾಲದಿಂದ ಅದು ಅಶುದ್ಧ."

ಕಾರ್ಮಿನ್ ಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಮೋಶೆಯದ್ದು ಹಳೇ ಕಾನೂನು ಮಾರಾಯ್ರೆ! ತಿನ್ನುವುದರಿಂದ ಯಾರೂ ಕೆಡುವುದಿಲ್ಲ ಅಂತ ಯೇಸುಸ್ವಾಮಿಯೇ ಹೇಳಲಿಲ್ಲವಾ? ಪೇತ್ರನಿಗೆ ದರ್ಶನದಲ್ಲಿ ಸಕಲ ಪ್ರಾಣಿಗಳನ್ನೂ ತೋರಿಸಿ, ಕೊಯ್ದು ತಿನ್ನು ಅಂದದ್ದು ಯಾರು, ನಾನಾ? ನಮ್ಮ ಪಾತ್ರೆ ಇಣುಕಿ ನೋಡುವುದು ಬಿಟ್ಟು ದೇವರಿಗೆ ಬೇರೆ ಕೆಲಸ ಇಲ್ಲವಾ?"

ಮಾಸ್ತರರು ವಾದಿಸಿದರು, ಬೆವರಿದರು, ಕಡೆಗೆ ಮೂಗಿನಿಂದ ಕೈ ತೆಗೆದರು. ಒಲೆಯ ಮೇಲಿನ ಪರಿಮಳವೂ ಕಾರ್ಮಿನ್ ಬಾಯಿಯ ಪಕ್ಷವನ್ನೇ ವಹಿಸಿತ್ತು.

"ಆಯ್ತು, ಸೋತೆ. ಮಕ್ಕಳ ಸುಖ ದೊಡ್ಡದು. ಕೊಡಿ, ಒಂದು ತುಂಡು."

ಗೆದ್ದ ಸಂಭ್ರಮದಲ್ಲಿ ಕಾರ್ಮಿನ್ ಬಾಯಿ ತಟ್ಟೆ ತುಂಬ ಬಡಿಸಿದರು. ಹುಟ್ಟಿದಂದಿನಿಂದ ಹಂದಿ ಮುಟ್ಟದ ಮಾಸ್ತರರು ಕಣ್ಣು ಮುಚ್ಚಿ ಅಗಿದರು. ಕಣ್ಣು ತೆರೆದಾಗ ಮುಖವೆಲ್ಲ ನಗು. ಮೆತ್ತನೆಯದೊಂದು ತುಂಡು ಆರಿಸಿ ಬೀಗಿತ್ತಿಯ ಮುಂದೆ ಹಿಡಿದರು.

"ತಗೊಳ್ಳಿ ಬಾಯಮ್ಮ, ಸಂಬಂಧ ಕುದುರಿತು."

ಕಾರ್ಮಿನ್ ಬಾಯಿ ಹಾವು ಕಂಡವರಂತೆ ಹಿಂದೆ ಸರಿದರು.

"ಅಯ್ಯೋ, ನಮಗಿದು ಉಪವಾಸದ ತಪಸ್ಸುಕಾಲ, ಶುಕ್ರವಾರ ಮಾಂಸ ತಿನ್ನುವುದಾ? ದೇವರು ನೋಡ್ತಿರ್ತಾನೆ ಮಾರಾಯ್ರೆ!"