ಅಂತರಪಟ ಸರಿದ ಬೆಳಗ್ಗೆ

ಶಾಯಿ ಒಣಗಿದ ಮೇಲೆ ಚಿತ್ರದೊಳಗಿನವರು ತಮ್ಮಿಷ್ಟದಂತೆ ನಡೆಯುತ್ತಾರೆಂಬುದು ಎಲ್ಲರಿಗೂ ಗೊತ್ತು. ಆದರೂ ಸರ್ಕಾರದ ಅಧಿಕಾರಿಯೊಬ್ಬ ಚೆನ್ನಾಜಮ್ಮನ ಅಚ್ಚುಕೂಟಕ್ಕೆ ಬಂದು ಕೂಗಾಡಿದ.

ಅವಳ ವ್ಯಂಗ್ಯಚಿತ್ರದಲ್ಲಿ ಪಕ್ಕದ ದೊಡ್ಡ ದೇಶ ಮದುವೆಗಂಡು, ನಮ್ಮ ಪುಟ್ಟ ದೇಶ ಹೆಣ್ಣು. ನಡುವಿನ ಅಂತರಪಟವನ್ನು ಇಳಿಸಗೊಡದೆ ಹೆಣ್ಣು ಬಿಗಿಯಾಗಿ ಹಿಡಿದುಕೊಂಡಿದ್ದಳು.

“ನಾಳೆ ಎರಡೂ ದೇಶ ಒಂದಾಗ್ತವೆ. ಆ ಪರದೆ ತೆಗೆದು ಹೊಸದಾಗಿ ಅಚ್ಚು ಹಾಕಮ್ಮ!”

“ಆಗಲಿ ಸ್ವಾಮಿ,” ಎಂದು ಚೆನ್ನಾಜಮ್ಮ ಅಚ್ಚಿನ ಕಲ್ಲಿನ ಮೇಲಿದ್ದ ಪರದೆಯನ್ನು ಉಜ್ಜಿ ಅಳಿಸಿದಳು.

ಬೆಳಗಾಗುವಷ್ಟರಲ್ಲಿ ಊರ ಗೋಡೆಗಳ ಮೇಲೆಲ್ಲ ಹೊಸ ಚಿತ್ರ ಒಣಗಿತ್ತು. ಅದರಲ್ಲಿ ಗಂಡು ಜೀರಿಗೆ-ಬೆಲ್ಲ ಹಿಡಿದು ಒಬ್ಬನೇ ನಿಂತಿದ್ದ.

ಅಧಿಕಾರಿ ಮತ್ತೆ ಓಡಿಬಂದ. “ಹೆಣ್ಣೆಲ್ಲಿ?”

ಚೆನ್ನಾಜಮ್ಮ ಇನ್ನೊಂದು ಹಾಳೆಗೆ ಅಚ್ಚೊತ್ತುತ್ತಲೇ ಹೇಳಿದಳು:

“ಪರದೆ ತೆಗೆಸಿದ್ದು ನೀವೇ ಅಲ್ವಾ ಸ್ವಾಮಿ? ಗಂಡಿನ ಮುಖ ನೋಡಿದ್ಲು. ಹೊರಟೇ ಹೋದ್ಲು.”