ಒಬ್ಬಾಕೀನ ಹೋಗಿ ಬಾ

"ಸಮುದ್ರದಾಗ ಮುಳುಗಿಸಿಬಿಡು. ಅಕಿಗೆ ಈಜು ಬರಂಗಿಲ್ಲ. ಕಾಲು ಜಾರಿ ಬಿದ್ಲು ಅಂತಾರ, ಅಷ್ಟ."

ಹೆಂಡತಿಯನ್ನು ಕೊಲ್ಲಿಸುವ ಮಾತನ್ನು ಮಹಾಲಿಂಗ ಆಡಿದ್ದು ಹೆಂಡತಿಯ ಎದುರಿಗೇ. ಬನಹಟ್ಟಿಯ ಆ ಮಗ್ಗದ ಮನೆಯಲ್ಲಿ ಪವರ್‌ಲೂಮುಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ಆ ತುದಿಯಲ್ಲಿ ಉಜ್ವಲಾ ಹರಿದ ಎಳೆ ಕಟ್ಟುತ್ತಿದ್ದಳು. ಈ ತುದಿಯಲ್ಲಿ ಮಹಾಲಿಂಗ ಅವಳ ಮೇಲೆ ಕಣ್ಣಿಟ್ಟುಕೊಂಡೇ ಗೆಳೆಯ ರಾಚಪ್ಪನಿಗೆ ಗಂಟಲು ಹರಿಯುವಂತೆ ಕೂಗಿ ಹೇಳುತ್ತಿದ್ದ. ನಡುವಿನ ಮಗ್ಗದ ತಾರವ್ವ, ಎದುರಿನ ಶಂಕ್ರೆವ್ವನನ್ನು ನೋಡಿ ಸುಮ್ಮಸುಮ್ಮನೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನೇಕಾರರ ಹೆಂಗಸರಿಗೆ ತಲೆ ಅರ್ಧ ಕೆಟ್ಟಿರುತ್ತದೆ ಎಂಬುದು ಮಹಾಲಿಂಗನ ಹಳೆಯ ನಂಬಿಕೆ.

ರಾಚಪ್ಪ ಅಂಜಿದ. "ಗ್ವಾಡಿಗೂ ಕಿವಿ ಇರ್ತಾವಲೇ."

"ಇಲ್ಲಿ ಗ್ವಾಡಿನೂ ಕಿವುಡ ಆಗ್ಯಾವ. ಒಬ್ಬರ ಕುತ್ತಿಗಿ ಕೊಯ್ದ್ರೂ ಹೊರಗ ಕೇಳಂಗಿಲ್ಲ. ಕೆಲಸ ಆತಂದ್ರ ಎರಡು ಮಿಸ್ ಕಾಲ್ ಕೊಡು. ಮಾತು ಬ್ಯಾಡ."

ತಾರವ್ವನ ನಗೆ ನಿಂತಿತ್ತು. ಎಳೆ ಹರಿದಿರಬೇಕು, ಹುಬ್ಬು ಗಂಟಿಕ್ಕಿತ್ತು.

ಮಹಾಲಿಂಗ, ರಾಚಪ್ಪ ಇಬ್ಬರೂ ಬೀಳಗಿ ಕಡೆಯವರು. ಊರು ಹಿನ್ನೀರಿನಲ್ಲಿ ಮುಳುಗಿದ ಮೇಲೆ ಮಹಾಲಿಂಗ ಮನೆಯಳಿಯನಾಗಿ ಬನಹಟ್ಟಿಗೆ ಬಂದ. ಮಾವ ಸತ್ತ. ಮಗ್ಗದ ಮನೆ ಮಗಳ ಹೆಸರಿಗೆ ಬಂತು. ಮಾರೋಣ ಎಂದ. "ನಾ ಸತ್ತ ಮ್ಯಾಲ ಮಾರ್ರಿ" ಎಂದಳು. ಅಂದು ಅವನು ಕೈಗೆ ಸಿಕ್ಕ ಲಾಳಿಯನ್ನೇ ಬೀಸಿ ಎಸೆದಿದ್ದ. ಲಾಳಿ ಎಂದರೆ ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಕಟ್ಟಿಗೆ. ಎರಡೂ ತುದಿಗೆ ಉಕ್ಕಿನ ಮೊನೆ. ಉಜ್ವಲಾಳ ಹುಬ್ಬಿನ ಮೇಲೆ ಅದರ ಗಾಯ ಇನ್ನೂ ಇದೆ.

ರಾಚಪ್ಪನಿಗೆ ಕೆಲಸ ಒಪ್ಪಿಸಿದ ಸಂಜೆ ಗಂಡ ಬೆಣ್ಣೆಯಾದ. "ಸಣ್ಣಾಕಿ ಇದ್ದಾಗಿಂದ ಸಮುದ್ರ ಸಮುದ್ರ ಅಂತ ಬಡ್ಕೋತಿದ್ದಿ. ಗೋವಾಕ್ಕ ಒಬ್ಬಾಕೀನ ಹೋಗಿ ಬಾ. ಮಗ್ಗ ನಾ ನೋಡ್ಕೋತೀನಿ."

ಜಮಖಂಡಿ ಸಂತೆಯ ಆಚೆ ಒಬ್ಬಳೇ ಕಾಲಿಟ್ಟವಳಲ್ಲ. ಅವನ ಮುಖವನ್ನೇ ನೋಡಿದಳು. "ಖರೇನ ಹೋಗಲೇನ್ರಿ?"

"ಹೋಗ."

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ? ಈ ಭೂಪ ಕೇಳಿಯೇ ಅರೆದ.

ಚೀಲಕ್ಕೆ ಸೀರೆ, ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಅವಳು ಒಂದು ಲಾಳಿಯನ್ನೂ ತುರುಕಿದಳು.

"ಹುಚ್ಚಿ, ಸಮುದ್ರಕ್ಕ ಲಾಳಿ ಯಾಕಲೇ?"

"ಕೈಗೆ ರೂಢಿ ಆಗೇತ್ರಿ. ಇಲ್ದಿದ್ರ ನಿದ್ದಿ ಬರಂಗಿಲ್ಲ."

ಮಹಾಲಿಂಗ ನಕ್ಕ.

ಬೆಳಗಾವಿಯಲ್ಲಿ ಬಸ್ಸು ಬದಲಿಸಿ ಅವಳು ಗೋವಾ ಮುಟ್ಟಿದಳು. ತಲೆಗೆ ಟವೆಲ್ ಸುತ್ತಿದ ರಾಚಪ್ಪ ಹಿಂದಿನ ಸೀಟಿನಲ್ಲೇ ಇದ್ದ. ಮೊದಲ ತೆರೆ ಕಾಲಿಗೆ ಬಡಿದಾಗ ಉಜ್ವಲಾ ನೆರಿಗೆ ಎತ್ತಿಕೊಂಡು ಕೂಗಿ ನಕ್ಕಳು. ಆಮೇಲೆ ಮರಳಲ್ಲಿ ಕೂತು ಅತ್ತಳು. ಎಳನೀರು ಕುಡಿದಳು, ಮತ್ತೆ ನೀರಿಗೆ ಓಡಿದಳು. ಬದುಕಿನಲ್ಲಿ ಮೊದಲ ಸಲ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. ನೋಡುತ್ತಿದ್ದ ರಾಚಪ್ಪನಿಗೂ ಅಯ್ಯೋ ಅನ್ನಿಸಿತು. ಅದನ್ನು ಕಳೆಯಲು ಅವನು ಕುಡಿದ.

ಮರುದಿನ ಹೊತ್ತು ಮುಳುಗುವಾಗ, ಜನರಿಲ್ಲದ ಕಪ್ಪು ಬಂಡೆಗಳ ಕಡೆ ಅವಳು ತಾನಾಗಿಯೇ ನಡೆದಳು. ಇಷ್ಟು ಸುಲಭವಾದೀತೆಂದು ರಾಚಪ್ಪ ಎಣಿಸಿರಲಿಲ್ಲ. ಬಂಡೆಯ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು, ಚೀಲ ಹೆಗಲಲ್ಲಿತ್ತು. ಅವನು ಜಡೆಗೆ ಕೈ ಹಾಕಿ ಎಳೆದ. ಮೊಣಕಾಲು ಕಲ್ಲಿಗೆ ಅಪ್ಪಳಿಸಿ ರಕ್ತ ಚಿಮ್ಮಿತು. ಕುತ್ತಿಗೆ ಹಿಚುಕಿ ಮುಖವನ್ನು ಉಪ್ಪುನೀರಿಗೆ ಒತ್ತಿದ. ಅವಳ ಒಂದು ಕೈ ಬಂಡೆ ಪರಚಿತು, ಇನ್ನೊಂದು ಚೀಲಕ್ಕೆ ಸಿಕ್ಕಿ ಒದ್ದಾಡಿತು. ದೊಡ್ಡ ತೆರೆಯೊಂದು ಬಂದು ಇಬ್ಬರನ್ನೂ ಮುಚ್ಚಿತು.

ಬನಹಟ್ಟಿಯಲ್ಲಿ ಮಹಾಲಿಂಗನ ಮೊಬೈಲು ಬಡಿದುಕೊಂಡು ನಿಂತಿತು. ಮತ್ತೊಮ್ಮೆ ಬಡಿದುಕೊಂಡು ನಿಂತಿತು. ರಾಚಪ್ಪನದೇ ನಂಬರು.

ಅವನು ಹುಂಜ ಕೊಯ್ದು ಉಂಡ. ಕನ್ನಡಿಯ ಮುಂದೆ ನಿಂತು ಅಳುವುದನ್ನು ಕಲಿತ. ಮಾರನೆಯ ಮಧ್ಯಾಹ್ನ ಮಗ್ಗದ ಮನೆಗೆ ಹೋಗಿ, ಹೆಂಗಸರು ನೇಯುತ್ತಿದ್ದಂತೆಯೇ, ಯಾವ ಮಗ್ಗವನ್ನು ಮೊದಲು ಮಾರಲಿ ಎಂದು ನೋಡುತ್ತ ನಿಂತ.

ಬಾಗಿಲಲ್ಲಿ ನೆರಳಾಡಿತು. ಉಜ್ವಲಾ. ಮೊಣಕಾಲಿಗೆ ಬಟ್ಟೆ ಕಟ್ಟಿತ್ತು. ಕುತ್ತಿಗೆಯ ಸುತ್ತ ಬೆರಳುಗಳ ನೀಲಿ ಗುರುತು. ಕೈಯಲ್ಲಿ ಲಾಳಿ, ಅದರ ಒಂದು ಮೊನೆಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು.

"ರಾಚಪ್ಪ... ರಾಚಪ್ಪ ಎಲ್ಲಿ?" ಮಹಾಲಿಂಗ ಚೀರಿದ.

ಅವಳ ತುಟಿ ಅಲುಗಿತು. ಮಗ್ಗಗಳ ಆರ್ಭಟದಲ್ಲಿ ಅವನಿಗೆ ಒಂದಕ್ಷರವೂ ಕೇಳಲಿಲ್ಲ. "ಏನಂತೀ? ಕೇಳ್ಸವಲ್ದು!"

ಆದರೆ ಹೆಂಗಸರೆಲ್ಲ ಒಮ್ಮೆಲೇ ಅವನ ಕಡೆ ತಿರುಗಿದರು. ಈ ಸದ್ದಿನಲ್ಲೇ ಹುಟ್ಟಿ ಬೆಳೆದವರು ಅವರು. ಕಿವಿ ನಂಬುವುದನ್ನು ಎಂದೋ ಬಿಟ್ಟು, ತುಟಿ ನೋಡಿಯೇ ಮಾತಾಡುವವರು, ತುಟಿ ನೋಡಿಯೇ ಹೊಟ್ಟೆ ಹಿಡಿದುಕೊಂಡು ನಗುವವರು. ಅಂದು ಅವನು ಕೂಗಿ ಹೇಳಿದ್ದನ್ನೂ ಆ ತುದಿಯಿಂದ ಈ ತುದಿಯವರೆಗೆ ಎಲ್ಲರೂ ಓದಿಕೊಂಡಿದ್ದರು: ಸಮುದ್ರ, ಎರಡು ಮಿಸ್ ಕಾಲ್, ಕೊಯ್ದರೂ ಹೊರಗೆ ಕೇಳಿಸದ ಕುತ್ತಿಗೆ.

"ಅಕ್ಕಾ, ಬಾಗಲಾ ಹಾಕು" ಎಂದಿದ್ದಳು ಉಜ್ವಲಾ. ತಾರವ್ವ ಮಗ್ಗ ನಿಲ್ಲಿಸದೆಯೇ ಹೋಗಿ ಚಿಲಕ ಹಾಕಿದಳು.